ಚಂದ್ರನ ಮೇಲೆ ಕಂದೀಲು

ಕಪ್ತಾನನ ಗಡಿಯಾರ ಎಡಗೈಯಲ್ಲಿತ್ತೋ ಬಲಗೈಯಲ್ಲಿತ್ತೋ ಎಂದು ನೆನಪಾಗದೆ ಒಂದು ಮಧ್ಯಾಹ್ನ ಊಟದ ತಟ್ಟೆ ಬಿಟ್ಟು ಎದ್ದು ಹೋದವಳು ನಾನು. ಧಾರಾವಾಹಿಗಳ ತಪ್ಪು ಹುಡುಕುವ ನಮ್ಮ ಈ ಕೆಲಸ ಸೇರಬೇಕೆಂದಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಅದರಲ್ಲಿ ಅಂಥದ್ದೇನಿದೆ ಮೇಡಂ, ಎಷ್ಟಾದರೂ ಕಥೆ ತಾನೇ?" ಎನ್ನುತ್ತಾರೆ. ಉತ್ತರ ಕೊಡಲು ಹೋದರೆ ಮಾತು ಒಂದು ಕಡೆ ನಿಲ್ಲುವುದಿಲ್ಲ, ನಾನೂ ಕುಳಿತಲ್ಲಿ ಕೂರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ನಿಮಗೆ ಉಪಯೋಗವಿಲ್ಲ.

ನಾನು ಆಳಂದದವಳು. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಹಾಗಾಗಿ ಊರವರ ಬಾಯಲ್ಲಿ ನಾನು 'ಬಾಯಾರು'. ಎಂಬತ್ತರ ದಶಕದ ನಡುವಿನ ಮಾತು. ಊರ ಹೊರಗೆ ಮುಚ್ಚಿಹೋಗಿದ್ದ ಒಂದು ಹತ್ತಿ ಜಿನ್ನಿನ ಶೆಡ್ಡನ್ನು ದೇಸಾಯಿ ಸಾಹೇಬರು ಎಂಬುವರು ಹಿಡಿದು ಸ್ಟುಡಿಯೋ ಮಾಡಿದರು. ಅಲ್ಲಿ ಕಾರ್ಯಕ್ರಮ ಚಿತ್ರಿಸಿ, ಟೇಪನ್ನು ಜೀಪಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದರೆ ವಾರಕ್ಕೊಮ್ಮೆ ಟಿ.ವಿ.ಯಲ್ಲಿ ಬರುತ್ತಿತ್ತು. ಹಳ್ಳಿಗಳಲ್ಲಿ ಆಗ ಪಂಚಾಯ್ತಿ ಕಟ್ಟೆಗೊಂದು ಟಿ.ವಿ. ಇದ್ದರೆ ಹೆಚ್ಚು. ಸಂಜೆಯಾದರೆ ಊರೆಲ್ಲ ಅದರ ಮುಂದೆ.

ಸಾಹೇಬರಿಗೆ ಒಂದು ವೈಜ್ಞಾನಿಕ ಧಾರಾವಾಹಿ ಮಾಡಬೇಕೆಂಬ ಹುಚ್ಚು ಹತ್ತಿತ್ತು. ಹೆಸರು "ದೂರದ ನೆಲೆ". ಮುಂದೆಂದೋ ಒಂದು ಕಾಲದಲ್ಲಿ ನಮ್ಮ ಜನ ಚಂದ್ರನ ನೆಲದಡಿ ಗವಿ ಕೊರೆದು ಊರು ಕಟ್ಟಿಕೊಂಡಿರುತ್ತಾರೆ, ಅವರಿಗೊಬ್ಬ ಕಪ್ತಾನ. ಬರೆಯುವವರು ಜೇವರ್ಗಿಯ ರೇವಣಸಿದ್ದಪ್ಪ ಮಾಸ್ತರರು. ಆಯುಷ್ಯವೆಲ್ಲ ಕಂಪನಿ ನಾಟಕ ಬರೆದವರು. ಕಪ್ತಾನನ ಪಾತ್ರಕ್ಕೆ ಅವರೇ ಕರೆತಂದ ನಟ ಹಣಮಂತರಾಯ. ನನ್ನ ಕೆಲಸ ಎರಡು. ತೋರಿಸುವುದನ್ನು ವಿಜ್ಞಾನ ಒಪ್ಪುತ್ತದೆಯೇ ಎಂದು ನೋಡುವುದು ಒಂದು. ಈ ವಾರ ತೋರಿಸಿದ್ದು ಹೋದ ವಾರ ತೋರಿಸಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಇನ್ನೊಂದು.

ಮೊದಲ ದಿನವೇ ಜಗಳ. ಹಣಮಂತರಾಯ ರಾಜನಂತೆ ಕಾಲು ಅಪ್ಪಳಿಸಿಕೊಂಡು ಗವಿಯೊಳಗೆ ಬಂದ.

"ಹಾಂಗ ಅಪ್ಪಳಸಬ್ಯಾಡ್ರಿ" ಎಂದೆ. "ಚಂದ್ರನ ಮ್ಯಾಲ ನಿಮ್ಮ ತೂಕ ಆರರಾಗ ಒಂದ ಪಾಲ. ಅಪ್ಪಳಿಸಿದ್ರ ತಲಿ ಮಾಳಗಿಗಿ ಬಡೀತದ."

"ಬಾಯಾರ, ಕಾಲ ಸಪ್ಪಳ ಇಲ್ದ ಸ್ಟೇಜಿಗಿ ಬಂದ್ರ ನನಗ ನಾನ ಬಂದೇನಿ ಅನಸಂಗಿಲ್ರಿ" ಎಂದು ಅವನು ಕೈಮುಗಿದ.

ಆದರೂ ಕಲಿತ. ನಿಧಾನಕ್ಕೆ ತೇಲಿದಂತೆ ಹೆಜ್ಜೆ ಇಡುವ ಒಂದು ನಡಿಗೆಯನ್ನು ಅವನೇ ಕಂಡುಕೊಂಡ. ಕೆಲವೇ ವಾರಗಳಲ್ಲಿ ಆಳಂದದ ಓಣಿಗಳಲ್ಲಿ ಮಕ್ಕಳು ಕಪ್ತಾನನ ನಡಿಗೆ ನಡೆಯತೊಡಗಿದವು. ಅದನ್ನು ನೋಡಿ ನನಗೆ ಹಿಗ್ಗಿಗಿಂತ ದಿಗಿಲೇ ಹೆಚ್ಚಾಯಿತು. ನಾವು ಮಾಡಿದ್ದನ್ನು ಇವರು ಮಾಡುತ್ತಾರಲ್ಲ ಎಂದು.

ಇನ್ನೊಂದು ಕಂತಿನಲ್ಲಿ ಚಂದ್ರನ ಮೇಲ್ಮೈಯಲ್ಲಿ ಒಂದು ವಾಹನ ಸಿಡಿಯುತ್ತದೆ. ಅಲ್ಲಿ ಗಾಳಿ ಇಲ್ಲ, ಸದ್ದು ಕೇಳಬಾರದು ಎಂದು ಹಟ ಹಿಡಿದು ಸದ್ದು ತೆಗೆಸಿದೆ. ಮರುದಿನ ಖಾಜಾಸಾಬ ಬಂದರು. ಹಳ್ಳಿಗಳ ಟಿ.ವಿ. ಕೆಟ್ಟರೆ ರಿಪೇರಿ ಮಾಡಲು ಜೀಪಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಸುತ್ತುತ್ತಿದ್ದವರು ಅವರು.

"ಮೇಡಂ, ಏನ್ ಮಾಡೀರಿ? ಆವಾಜ ಹೋತು ಅಂತ ಊರೂರಿಗಿ ಕರಸಾಕತ್ತಾರ. ಸೆಟ್ ಖುಲ್ಲಾ ಮಾಡಿ ನೋಡಿದ್ರ ಎಲ್ಲ ಬರಾಬರ್ ಅದ."

ಅಂದಿನಿಂದ ಒಂದು ಪಾಠ ಕಲಿತೆ. ಸರಿಯಾದದ್ದನ್ನು ತೋರಿಸಿದರೆ ಸಾಲದು, ಅದು ಯಾಕೆ ಹಾಗೆ ಎಂದು ಒಂದು ಪಾತ್ರದ ಬಾಯಿಂದ ಮೊದಲೇ ಆಡಿಸಿಬಿಡಬೇಕು. ಮುಂದಿನ ಸಲ ಸ್ಫೋಟಕ್ಕೆ ಮುಂಚೆ ಕಪ್ತಾನ, "ಹೊರಗ ಹವಾ ಇಲ್ಲ, ಸಪ್ಪಳ ಕೇಳಂಗಿಲ್ಲ, ಕಣ್ಣ ತೆರೆದಿಡ್ರಿ" ಎಂದ. ಖಾಜಾಸಾಬರನ್ನು ಯಾರೂ ಕರೆಸಲಿಲ್ಲ.

ಹಿಂದಿನದಕ್ಕೆ ಹೊಂದಿಸುವ ಕೆಲಸ ಇದಕ್ಕಿಂತ ಕಷ್ಟದ್ದು. ಅಡುಗೆಯವಳ ಪಾತ್ರ ಒಂದು ಕಂತಿನಲ್ಲಿ ಗವಿ ಕುಸಿದು ಸತ್ತಿತ್ತು. ಆ ಪಾತ್ರ ಮಾಡಿದ ಹೆಂಗಸನ್ನು ಜನ ಸಾಲದೆ ಗುಂಪಿನಲ್ಲಿ ನಿಲ್ಲಿಸಿದ್ದರು. ನನ್ನ ಅವ್ವ ನೋಡಿದವಳೇ, "ಏನ ಬೇ ಮಾದೇವಿ, ಸತ್ತಾಕಿ ಹಿಂದ ನಿಂತ ರೊಟ್ಟಿ ಬಡ್ಯಾಕತ್ತಾಳಲ್ಲ? ಹೋದ ವಾರ ಆಕಿ ಸಲುವಾಗಿ ನಾ ಅತ್ತೇನಿ" ಎಂದು ನಿಜವಾಗಿಯೂ ಸಿಟ್ಟಾದಳು. ಖಜೂರಿಯ ಚಹಾದ ಅಂಗಡಿಯಲ್ಲಿ ಲಾರಿ ಚಾಲಕರು ಇದೇ ಮಾತು ಹಿಡಿದು ಜಗಳಾಡಿದರೆಂದು ಖಾಜಾಸಾಬ ಸುದ್ದಿ ತಂದರು. ನಮಗೆ ಟೇಪಿನ ಕೊರತೆ. ಪ್ರಸಾರವಾದ ಕೂಡಲೇ ಅದರ ಮೇಲೆಯೇ ಮುಂದಿನದನ್ನು ಚಿತ್ರಿಸುತ್ತಿದ್ದೆವು. ಬರಹದ ಪ್ರತಿ ಇತ್ತು ನಿಜ, ಆದರೆ ಬರಹಕ್ಕೂ ಹಣಮಂತರಾಯನ ಬಾಯಿಗೂ ಭೇಟಿಯಾಗುತ್ತಿದ್ದುದು ಅಪರೂಪ. ಹೀಗಾಗಿ ತೋರಿಸಿದ್ದೆಲ್ಲ ನನ್ನ ತಲೆಯಲ್ಲೇ ಇರಬೇಕಿತ್ತು. ಬಸ್ಸಿನಲ್ಲಿ, ಅಡುಗೆ ಮನೆಯಲ್ಲಿ, ಶರಣರ ವಚನ ಹೇಳಿಕೊಳ್ಳುತ್ತ ಪೂಜೆಗೆ ಕುಳಿತಾಗಲೂ ಯಾರ ಗಾಯ ಯಾವ ಭುಜಕ್ಕೆ, ಯಾವ ಬಾಗಿಲು ಯಾವ ಕಡೆ ತೆರೆಯಿತು ಎಂಬುದೇ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಒಂದು ಕಂತಿನಲ್ಲಿ ಗವಿಯ ಆಳದ ಕೋಣೆಯೊಂದರಲ್ಲಿ ಒಬ್ಬ ಕೆಲಸಗಾರ ಸಿಕ್ಕಿಬೀಳುತ್ತಾನೆ. ಅಲ್ಲಿ ಉಸಿರಾಡುವ ಗಾಳಿ ಕೆಟ್ಟಿರುತ್ತದೆ. ಗಾಳಿ ಅಳೆಯುವ ಯಂತ್ರ ಹಿಂದಿನ ಕಂತಿನಲ್ಲೇ ಒಡೆದುಹೋಗಿದೆ. ಕಪ್ತಾನ ಒಂದು ಬಟ್ಟೆ ಒದ್ದೆ ಮಾಡಿ ಮೂಗು ಬಾಯಿಗೆ ಕಟ್ಟಿಕೊಂಡು ಇಳಿದು ಅವನನ್ನು ಎತ್ತಿ ತರುತ್ತಾನೆ. ಮಾಸ್ತರರು ಓದಿ ಮುಗಿಸುವುದರೊಳಗೆ ನಾನು ಎದ್ದು ನಿಂತಿದ್ದೆ.

"ಮಾಸ್ತರ್ರೆ, ಒದ್ದಿ ಬಟ್ಟಿ ಧೂಳ ತಡೀತದ. ಹೊಗಿ ಸ್ವಲ್ಪ ತಡೀತದ. ಇಲ್ಲದ ಹವಾ ಎಲ್ಲಿಂದ ತರ್ತದ?"

"ತಂಗೆವ್ವ, ನೋಡೋರಿಗಿ ಏನರೆ ಕಾಣಬೇಕಲ್ಲ? ದಮ್ ಕಟ್ಟಿ ಇಳದಾನ ಅಂದ್ರ ಕಾಣಂಗಿಲ್ಲ. ಬಟ್ಟಿ ಕಟ್ಟಿಕೊಂಡಾನ ಅಂದ್ರ ಮಂದಿ ಎದಿ ಹಿಡಕೊಂಡ ನೋಡ್ತಾರ."

"ಸುಳ್ಳ ನೋಡ್ತಾರ."

"ಚಂದ್ರನ ಮ್ಯಾಲ ಊರ ಇರೂದೂ ಸುಳ್ಳ ಅದ."

ದೇಸಾಯಿ ಸಾಹೇಬರು ನಡುವೆ ಬಂದರು. ಕೆಟ್ಟ ಮನುಷ್ಯರಲ್ಲ, ಕೆಲಸ ನಿಲ್ಲುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. "ಬಾಯಾರ, ನಮ್ಮ ತಾಲೂಕಿನಾಗ ಚಂದ್ರನ ಗವಿಗಿ ಯಾರ ಇಳೀತಾರ? ಬಿಡ್ರಿ. ಲೈಟ್ ಹಾಕ್ರೆಪ್ಪ" ಎಂದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಶೆಡ್ಡಿನಿಂದ ಹೊರಬಿದ್ದು ಬಿಸಿಲಲ್ಲಿ ರಸ್ತೆಯವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ನಾನು ಒಳಗೆ ಬರುವಷ್ಟರಲ್ಲಿ ದೃಶ್ಯ ಮುಗಿದು ಹಣಮಂತರಾಯ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ. ಆ ಕಂತು ಪ್ರಸಾರವಾಯಿತು. ಜನಕ್ಕೆ ಬಹಳ ಹಿಡಿಸಿತು.

ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಖಾಜಾಸಾಬರ ಜೀಪು ಶೆಡ್ಡಿನ ಮುಂದೆ ನಿಂತಿತು. ಎಂದೂ ಜೀಪಿನಿಂದಲೇ ಮಾತು ಶುರು ಮಾಡುವ ಮನುಷ್ಯ, ಅಂದು ಇಳಿದು ಬಂದು ನೀರು ಕೇಳಿ ಕುಡಿದರು.

"ಗೊಬ್ಬೂರದಾಗ ಒಬ್ಬಾಂವ ಹಗೇವದಾಗ ಇಳದು ಬಿದ್ದಾನ್ರಿ. ಭೀಮಶಾ ಅಂತ. ಮುಖಕ್ಕ ಒದ್ದಿ ಟಾವೆಲ್ ಇತ್ತಂತ. ಅಫಜಲಪುರದ ದವಾಖಾನ್ಯಾಗ ಹಾಕ್ಯಾರ."

ಹಗೇವು ಎಂದರೆ ನೆಲದಡಿ ಜೋಳ ತುಂಬಿಡುವ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಒಳಗೆ ಕಾಳೂ ಉಸಿರಾಡುತ್ತದೆ. ಇದ್ದ ಪ್ರಾಣವಾಯುವನ್ನು ಅದೇ ತಿಂದು ಕೆಟ್ಟ ಗಾಳಿ ಬಿಡುತ್ತದೆ. ಆ ಗಾಳಿ ಭಾರ, ತಳದಲ್ಲೇ ಕೂರುತ್ತದೆ. ಹಳಬರಿಗೆ ಇದು ಗೊತ್ತು. ಬಾಯಿ ತೆರೆದು ಒಂದು ದಿನ ಬಿಡುತ್ತಾರೆ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಾರೆ, ಅದು ಆರಿದರೆ ಇಳಿಯುವುದಿಲ್ಲ. ನಾನು ಒದ್ದೆ ಬಟ್ಟೆಗೆ ಅಷ್ಟು ಜಗಳವಾಡಿದವಳು. ನನ್ನ ತಲೆಯಲ್ಲಿ ಇದ್ದದ್ದು ಚಂದ್ರ ಮಾತ್ರ. ಹಗೇವು ನನಗೂ ಹೊಳೆದಿರಲಿಲ್ಲ.

ಮಾಸ್ತರರು ಚಪ್ಪಲಿ ಮೆಟ್ಟಿ ಆಗಲೇ ಜೀಪಿನಲ್ಲಿ ಕುಳಿತಿದ್ದರು. ದಾರಿಯುದ್ದಕ್ಕೂ ನಾನು ಖಾಜಾಸಾಬರನ್ನು ಜೋರಾಗಿ ಓಡಿಸಿ ಎಂದು ಪೀಡಿಸುತ್ತಿದ್ದೆ.

ಭೀಮಶಾ ಬದುಕಿದ್ದ. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಗೋಡೆಗೆ ಮುಖ ಮಾಡಿ ಮಲಗಿದ್ದ, ಯಾರೊಂದಿಗೂ ಮಾತಿಲ್ಲ. ಹೆಂಡತಿ ನೀಲಮ್ಮ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಅಂಗೈ ಎರಡೂ ಸುಲಿದಿದ್ದವು.

"ನಾ ಬ್ಯಾಡ ಅಂದೇನ್ರಿ" ಎಂದಳು. "ಬಾಯಿ ತೆರದು ಒಂದ ದಿನ ಬಿಡು, ಕಂದೀಲ ಇಳಿಸಿ ನೋಡು ಅಂದೆ. ಮೋಡ ಆಗ್ಯಾವ, ಜೋಳ ಜಲ್ದಿ ತೆಗೀಬೇಕು ಅಂದ. ಟಿ.ವ್ಯಾಗ ಕಪ್ತಾನ ಒದ್ದಿ ಬಟ್ಟಿ ಕಟ್ಕೊಂಡ ಇಳದಿಲ್ಲೇನ, ಒಂದ ದಿನ ಯಾಕ ಕಾಯಬೇಕು ಅಂದ. ಟೊಂಕಕ್ಕ ಹಗ್ಗ ಕಟ್ಟಿಕೊಳ್ಳೂತನಾ ಬಿಡಂಗಿಲ್ಲ ಅಂತ ನಾ ಹಗೇವದ ಬಾಯಿ ಮ್ಯಾಲೇ ಕುಂತೆ. ಬೈದ. ಬೈಕೋತ ಕಟ್ಟಿಕೊಂಡ. ಇಳದ ಸ್ವಲ್ಪ ಹೊತ್ತಿನಾಗ ಕರದ್ರ ಓ ಅನಲಿಲ್ಲ. ಚೀರಿದೆ. ಬಾಜೂ ಮನಿಯವರು ಬಂದ್ರು. ಎಳದೇವಿ."

ಮಾಸ್ತರರು ಅವಳೆದುರು ನೆಲದ ಮೇಲೇ ಕುಳಿತುಬಿಟ್ಟರು. "ತಂಗಿ, ಆ ಕಥಿ ಬರದಾಂವ ನಾನ."

ನೀಲಮ್ಮ ಅವರನ್ನು ನೋಡಿದಳು. ಬೈಯುತ್ತಾಳೆಂದುಕೊಂಡೆ.

"ಮುಂದಿನ ಕಥೀನೂ ನೀವೇ ಬರೀತೀರೇನ್ರಿ?"

"ಹೌದವ್ವ."

"ಹಂಗಾದ್ರ ಬಟ್ಟಿ ಸುಳ್ಳ ಅಂತ ಬರೀರಿ. ಕಪ್ತಾನನ ಬಾಯಿಲೇ ಹೇಳಸ್ರಿ. ಈತ ನನ್ನ ಮಾತ ಕೇಳಂಗಿಲ್ಲ, ಕಪ್ತಾನನ ಮಾತ ಕೇಳ್ತಾನ. ಊರಾಗ ಇನ್ನೂ ತೆರೀದ ಹಗೇವ ಬಹಳ ಅವ."

ಸ್ಟುಡಿಯೋಕ್ಕೆ ಮರಳಿ ನಾನು ದೇಸಾಯಿ ಸಾಹೇಬರಿಗೆ ನೇರವಾಗಿ ಹೇಳಿದೆ. ಮುಂದಿನ ಕಂತಿಗೆ ಮೊದಲು ಒಂದು ಪ್ರಕಟಣೆ ಹಾಕೋಣ, ಆ ಕಂತಿನಲ್ಲಿ ತೋರಿಸಿದ್ದು ತಪ್ಪು ಎನ್ನೋಣ. ಅವರ ಮುಖ ಬಿಳಿಚಿತು.

"ಹಂಗಂದ್ರ ನಾಳಿಗೇ ಧಾರಾವಾಹಿ ಬಂದ್ ಆಗ್ತದ. ಆತ ಬದುಕ್ಯಾನಲ್ಲ ಬಾಯಾರ. ಸುಮ್ಮನಿರೂಣ."

"ಮುಂದಿನಾಂವ ಬದಕಲಿಲ್ಲಂದ್ರ?"

ಅವರು ಕೋಣೆಯಲ್ಲಿ ಆಚೆ ಈಚೆ ಓಡಾಡಿದರು. ಆಗ ಮಾಸ್ತರರು, "ಪ್ರಕಟಣಿ ಬಂದ್ರ ಮಂದಿ ನೀರ ಕುಡ್ಯಾಕ ಎದ್ದ ಹೋಗ್ತಾರ. ಆ ಹೆಣಮಗಳ ಖರೇ ಹೇಳ್ಯಾಳ. ಕಥ್ಯಾಗೇ ಹೇಳಬೇಕು. ಹೇಳೂದಿಲ್ಲಂದ್ರ ನಾ ಇನ್ನ ಒಂದಕ್ಷರ ಬರಿಯಂಗಿಲ್ಲ ಸಾಹೇಬ್ರ" ಎಂದರು. ಸಾಹೇಬರು, "ಆತು, ಬರೀರಿ. ಆದರ ಕಥಿ ಮುರೀಬಾರದು" ಎಂದರು.

ಕಥೆ ಮುರಿಯಬಾರದು. ಅಲ್ಲೇ ಇತ್ತು ತೊಡಕು. ಚಂದ್ರನ ಆ ಗವಿಯಲ್ಲಿ ಒದ್ದೆ ಬಟ್ಟೆ ಕಪ್ತಾನನನ್ನು ಉಳಿಸಿದ್ದನ್ನು ಮೂರು ತಾಲೂಕು ನೋಡಿದೆ. ಈಗ ಅದು ಉಳಿಸುವುದಿಲ್ಲ ಎಂದರೆ ಜನ ಯಾವುದನ್ನು ನಂಬಬೇಕು? ಬಟ್ಟೆಯಿಂದಲ್ಲ, ಬೇರೆ ಯಾವುದರಿಂದಲೋ ಕಪ್ತಾನ ಉಳಿದ ಎಂದಾಗಬೇಕು. ಆ ಬೇರೆಯದು ಆ ಕಂತಿನಲ್ಲಿ ಕಂಡಿರಲೂಬೇಕು. ಟೇಪು ಅಳಿಸಿಹೋಗಿತ್ತು. ದೃಶ್ಯ ತೆಗೆಯುವಾಗ ನಾನು ಶೆಡ್ಡಿನಲ್ಲಿರಲಿಲ್ಲ. ಪ್ರಸಾರದ ಸಂಜೆ ಸಿಟ್ಟಿಗೆ ನೋಡಿರಲಿಲ್ಲ. ಶೆಡ್ಡಿನಲ್ಲಿದ್ದವರಿಗೆ ತಮ್ಮ ತಮ್ಮ ಕೆಲಸ ಬಿಟ್ಟು ಬೇರೇನೂ ನೆನಪಿರಲಿಲ್ಲ.

ಉಳಿದದ್ದು ಒಂದೇ ದಾರಿ, ನೋಡಿದವರನ್ನು ಕೇಳುವುದು. ಖಾಜಾಸಾಬರ ಜೀಪು ಹತ್ತಿದೆವು. ಹೋದ ಕಡೆಯೆಲ್ಲ ಮೊದಲು ಹಗೇವಿನ ಮಾತು ಹೇಳಿ, ಬಟ್ಟೆ ನಂಬಬೇಡಿ ಎಂದು, ಆಮೇಲೆ ಕೇಳುತ್ತಿದ್ದೆವು, ಆ ಕಂತಿನಲ್ಲಿ ಏನೇನು ನೋಡಿದಿರಿ ಎಂದು. ಹೇಳಿದ ಮಾತಿಗೆ ಎಲ್ಲರೂ ತಲೆಯಾಡಿಸುತ್ತಿದ್ದರು. ಆದರೆ ಹಿಂದೆ ಕುಳಿತವರು, "ಕಪ್ತಾನ ಮಾತ್ರ ಹ್ಯಾಂಗ ಬಂದನಲ್ಲ!" ಎನ್ನುವುದು ಕಿವಿಗೆ ಬೀಳುತ್ತಿತ್ತು. ಜೀಪಿನಲ್ಲಿ ಕುಳಿತರೂ ನನ್ನ ಕಾಲು ನಿಲ್ಲುತ್ತಿರಲಿಲ್ಲ. ನಾವು ಒಂದು ಊರಲ್ಲಿರುವಾಗ ಇನ್ನೊಂದು ಊರಲ್ಲಿ ಯಾರು ಕಲ್ಲು ಸರಿಸುತ್ತಿದ್ದಾರೋ.

ನೆನಪುಗಳೋ, ಒಂದಕ್ಕೊಂದು ಕೂಡುತ್ತಿರಲಿಲ್ಲ. ಆಳಂದದಲ್ಲಿ ಬಟ್ಟೆ ಬಿಳಿಯದು ಎಂದರು. ಖಜೂರಿಯಲ್ಲಿ ಚೌಕಳಿಯದು ಎಂದರು. ಅವ್ವ, ಕಪ್ತಾನ ಬಸವಣ್ಣನ ಹೆಸರು ಹೇಳಿ ಇಳಿದ ಎಂದಳು. ಹಣಮಂತರಾಯನನ್ನು ಕೇಳಿದರೆ ಅದು ನಿಜವೆಂದ, ಬರಹದಲ್ಲಿ ಇರಲಿಲ್ಲವೆಂದೂ ಒಪ್ಪಿದ. ಕಡೆಗೆ ಜೇವರ್ಗಿಯಲ್ಲಿ ಮಾಸ್ತರರ ಮನೆಯ ಎದುರಿನ ಹೊಲಿಗೆಯ ಕಾಶೀಬಾಯಿ, ಮಷಿನ್ ತುಳಿಯುತ್ತಲೇ, "ಹವಾ ಇಲ್ಲದ ಕೋಣಿ ಅಂತೀರಿ, ಗ್ವಾಡಿ ಮ್ಯಾಲಿನ ಕಾಗದ ಪಟಪಟ ಅಂತಿತ್ತಲ್ರಿ ಮಾಸ್ತರ್ರೆ?" ಎಂದಳು.

ಗವಿಯ ಗೋಡೆಗೆ ಒಂದು ನಕ್ಷೆ ಅಂಟಿಸಿದ್ದರು. ದಪ್ಪ ಉಡುಪಿನಲ್ಲಿ ಬೇಯುತ್ತಿದ್ದ ಹಣಮಂತರಾಯನಿಗಾಗಿ ಯಾರೋ ಮೇಜಿನ ಫ್ಯಾನು ತಿರುಗಿಸಿಟ್ಟಿದ್ದರು. ನಾನಿದ್ದಿದ್ದರೆ ಆ ದೃಶ್ಯವನ್ನು ಮತ್ತೆ ತೆಗೆಸುತ್ತಿದ್ದೆ. ಮಾಸ್ತರರು ನನ್ನ ತೋಳು ಹಿಡಿದರು.

"ತಂಗೆವ್ವ, ಗ್ವಾಡಿ ಸೀಳಿತ್ತು! ಸೀಳಿನಾಗಿಂದ ಬಾಜೂ ಕೋಣಿ ಹವಾ ಬರಾಕತ್ತಿತ್ತು. ಬಟ್ಟಿಯಿಂದ ಅಲ್ಲ, ಅದರಿಂದ ಉಳದಾನ."

ನಾನು ಕುಳಿತು ಲೆಕ್ಕ ಹಾಕಿದೆ. ಹೊಂದುತ್ತಿತ್ತು. ನಾವು ತೋರಿಸಿದ ಯಾವುದೂ ಸುಳ್ಳಾಗುತ್ತಿರಲಿಲ್ಲ, ಕಪ್ತಾನ ತಿಳಿದುಕೊಂಡದ್ದು ಮಾತ್ರ ಸುಳ್ಳಾಗುತ್ತಿತ್ತು.

ಹೊಸ ಕಂತಿನ ಕಥೆ ಇಷ್ಟು. ಕಪ್ತಾನನನ್ನು ನೋಡಿ ಕಲಿತ ಒಬ್ಬ ಕೆಲಸಗಾರ ಒದ್ದೆ ಬಟ್ಟೆ ಕಟ್ಟಿಕೊಂಡು ಇನ್ನೊಂದು ಕೋಣೆಗೆ ಇಳಿದು ಕುಸಿಯುತ್ತಾನೆ. ಅವನನ್ನು ಹಗ್ಗದಿಂದ ಎಳೆದು ಉಳಿಸುತ್ತಾರೆ. ಕಪ್ತಾನ ಹಳೆಯ ಕೋಣೆಗೆ ಹೋಗಿ ಸೀಳು ಕಾಣುತ್ತಾನೆ. ಎಲ್ಲರನ್ನೂ ಸೇರಿಸಿ, ಬಟ್ಟೆ ನನ್ನನ್ನು ಉಳಿಸಲಿಲ್ಲ ಎನ್ನುತ್ತಾನೆ. ಕಡೆಗೆ ಕೆಲಸಗಾರ ಕುಸಿದ ಕೋಣೆಯೊಳಕ್ಕೆ ಕಂದೀಲು ಇಳಿಸಿ ತೋರಿಸುತ್ತಾನೆ.

ಕಂದೀಲು ಎಂದಾಗ ನಾನೇ ತಿರುಗಿ ಬಿದ್ದೆ. ಸಾಹೇಬರೂ ಅಲ್ಲ, ಯಾರೂ ಅಲ್ಲ, ನಾನು. ಮುಚ್ಚಿದ ಗವಿಯಲ್ಲಿ, ಒಂದೊಂದು ಉಸಿರಿಗೂ ಗಾಳಿ ತಯಾರಿಸಿಕೊಳ್ಳುವ ಊರಲ್ಲಿ, ಬರಿ ಬೆಂಕಿ ಹಚ್ಚಲು ಯಾರು ಬಿಡುತ್ತಾರೆ? ಭೂಮಿಯಿಂದ ಸೀಮೆಎಣ್ಣೆ ಒಯ್ದಿರುತ್ತಾರೆಯೇ? ಗಾಳಿ ಅಳೆಯುವ ಮೀಟರು ಒಡೆದಿದ್ದರೆ ಹೊಸ ಮೀಟರು ಮಾಡಿಕೊಳ್ಳಲಿ.

ಮಾಸ್ತರರು ಕೂಗಾಡಲಿಲ್ಲ. "ಗೊಬ್ಬೂರಿನಾಗ ಯಾರ ಮನ್ಯಾಗ ಮೀಟರ್ ಅದ ತಂಗೆವ್ವ?" ಎಂದು ಕೇಳಿದರಷ್ಟೆ.

ಆ ದಿನವಿಡೀ ನಾನು ಶೆಡ್ಡಿನ ಸುತ್ತ ತಿರುಗಿದೆ. ಸರಿಯಾದ ವಿಜ್ಞಾನ ಯಾವುದು ಎಂದು ನನಗೆ ಗೊತ್ತಿತ್ತು, ಅಂದು ಬೇಕಾದದ್ದು ಯಾವುದು ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸುವುದೇ ನನಗೆ ಕೊಟ್ಟ ಕೆಲಸ, ಒಂದನ್ನು ಹಿಡಿದು ಇನ್ನೊಂದನ್ನು ಹೊಡೆಯುವುದಲ್ಲ ಎಂದು ತಿಳಿಯಲು ಅಷ್ಟು ಹೊತ್ತು ಬೇಕಾಯಿತು. ಗವಿಯಲ್ಲಿ ಅಡುಗೆಮನೆ ಇತ್ತು, ಒಗ್ಗರಣೆಯ ಎಣ್ಣೆ ಇತ್ತು. ಹಾಗೆಂದು ಮೊದಲ ಕಂತುಗಳಲ್ಲೇ ತೋರಿಸಿದ್ದೆವು. ಗಾಜಿನ ಬರಣಿಯಲ್ಲಿ ಅಡುಗೆ ಎಣ್ಣೆ ಮತ್ತು ಬಟ್ಟೆಯ ಬತ್ತಿ ಹಾಕಿ, ತಂತಿ ಕಟ್ಟಿ ಇಳಿಸಿದರೆ ನೋಡುವವರಿಗೆ ಅದು ಕಂದೀಲೇ. ಬೆಂಕಿ ಹಚ್ಚಲು ಊರಿನ ನಿಯಮ ಒಪ್ಪುವುದಿಲ್ಲ ಎಂದು ಒಬ್ಬಳು ಎದ್ದು ಹೇಳಲಿ. ಇಂದು ಒಂದು ಸಲ ಆ ನಿಯಮ ಮುರಿಯುತ್ತೇನೆ ಎಂದು ಕಪ್ತಾನ ಹೇಳಲಿ. ಮಾಸ್ತರರಿಗೆ ಇದು ತಮ್ಮ ಮಾತಿಗಿಂತ ಹಿಡಿಸಿತು.

ಇನ್ನು ದೀಪ ಆರಬೇಕಲ್ಲ. ಬೆಳಕಿನವನು ದಾರ ಎಳೆದು ಆರಿಸುತ್ತೇನೆಂದ. ಬೇಡವೆಂದೆ. ಶೆಡ್ಡಿನ ಮೂಲೆಯಲ್ಲಿ ನೀರಿನ ಹಳೆಯ ತೊಟ್ಟಿ ಒಣಗಿ ಬಿದ್ದಿತ್ತು, ಆಳವಾಗಿತ್ತು. ನೆಲಕ್ಕೆ ಹಾಸಿ ಉಳಿದ ಶಹಾಬಾದಿ ಕಲ್ಲಿನ ಚೂರುಗಳನ್ನು ಅದರ ತಳಕ್ಕೆ ಹಾಕಿಸಿ, ಶಾಲೆಯ ಪ್ರಯೋಗಶಾಲೆಯಿಂದ ತಂದ ಆಮ್ಲವನ್ನು ಮೇಲಿನಿಂದ ಕೊಳವೆಯಲ್ಲಿ ಬಿಟ್ಟೆ. ಸುಣ್ಣದ ಕಲ್ಲು ಅದು, ನೊರೆ ಉಕ್ಕಿಸಿತು, ಹಗೇವಿನಲ್ಲಿರುವಂಥದೇ ಭಾರದ ಗಾಳಿ ತೊಟ್ಟಿಯ ತಳದಲ್ಲಿ ತುಂಬಿಕೊಂಡಿತು. ಶೆಡ್ಡಿನ ಬಾಗಿಲುಗಳನ್ನೆಲ್ಲ ತೆರೆಸಿ, ತೊಟ್ಟಿಯ ಅಂಚಿಗೆ ಯಾರೂ ಬಗ್ಗಬಾರದೆಂದು ಹಗ್ಗ ಕಟ್ಟಿಸಿ, ನಾನೇ ಕಾವಲು ನಿಂತೆ. ಕ್ಯಾಮೆರಾ ಓಡಿತು. ಹಣಮಂತರಾಯ ದೀಪ ಇಳಿಸಿದ. ಅರ್ಧ ದಾರಿಯವರೆಗೆ ಚೆನ್ನಾಗಿ ಉರಿಯುತ್ತಿದ್ದದ್ದು ಒಮ್ಮೆಗೇ ಕುಗ್ಗಿತು, ಬತ್ತಿಯಿಂದ ಎದ್ದು ಬಿಟ್ಟಂತೆ ಆರಿಹೋಯಿತು. ಆರುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಒಂದು ಹೆಜ್ಜೆ ಹಿಂದೆ ಸರಿದ. ಬರೆದುಕೊಟ್ಟ ಮಾತು ಮರೆತು, "ಇದರಾಗ ಇಳದಿದ್ದ್ಯಾ, ತಮ್ಮ?" ಎಂದ. ಅದನ್ನೇ ಇಟ್ಟುಕೊಂಡೆವು. ದೀಪ ಆರದಿದ್ದರೂ ಅವಸರ ಮಾಡಬಾರದು, ತೆರೆದು ಕಾಯಬೇಕು, ಮೇಲೆ ಮಂದಿ ಇರಬೇಕು ಎಂಬ ಮಾತನ್ನು ನಾನು ಅವನಿಗೆ ಮತ್ತೆ ಮತ್ತೆ ಹೇಳಿಕೊಟ್ಟು ಆಡಿಸಿದೆ.

ಪ್ರಸಾರದ ಸಂಜೆ ನಾನು ಮತ್ತು ಮಾಸ್ತರರು ಗೊಬ್ಬೂರಿಗೆ ಹೋದೆವು. ಪಂಚಾಯ್ತಿ ಕಟ್ಟೆಯ ಮುಂದೆ ಜನ ತುಂಬಿದ್ದರು. ಭೀಮಶಾ ಮನೆಗೆ ಬಂದು ಕೆಲವು ದಿನವಾಗಿತ್ತು. ಅವನು ಹಿಂದೆ, ಬೇವಿನ ಮರಕ್ಕೆ ಒರಗಿ ನಿಂತಿದ್ದ. "ಬಂದಾಗಿಂದ ಆ ದಿನದ ಮಾತ ಒಂದೂ ಎತ್ತಿಲ್ರಿ" ಎಂದು ನೀಲಮ್ಮ ನನ್ನ ಕಿವಿಯಲ್ಲಿ ಹೇಳಿದಳು. "ಕೇಳಿದ್ರ ಎದ್ದ ಹೋಗ್ತಾನ."

ಕಂತು ನಡೆಯಿತು. ಕೆಲಸಗಾರ ಕುಸಿದಾಗ ಜನ ಉಸಿರು ಬಿಗಿಹಿಡಿದರು. ಸೀಳು ಸಿಕ್ಕಿತು. ಅಡುಗೆಯ ಎಣ್ಣೆ ಬಂತು, ನಿಯಮದ ಜಗಳವಾಯಿತು. ಕಪ್ತಾನ ತಂತಿ ಹಿಡಿದು, "ಎಲ್ಲಾರೂ ನೋಡ್ರಿ" ಎಂದು ದೀಪ ಇಳಿಸತೊಡಗಿದ.

ಕರೆಂಟು ಹೋಯಿತು.

ಕಟ್ಟೆಯ ತುಂಬ ಗದ್ದಲ. ನಾನು ಎದ್ದು ನಿಂತೆ, ಕುಳಿತೆ, ಮತ್ತೆ ಎದ್ದೆ. ಇಷ್ಟು ದಿನ ಓಡಾಡಿದ್ದು ಆ ಒಂದು ಕ್ಷಣಕ್ಕಾಗಿ, ಬೇಕಾದ ಊರಲ್ಲೇ ಅದು ಕಾಣದೆ ಹೋಯಿತು. ಒಬ್ಬ ಮುದುಕ, "ದೀಪ ಆರ್ತದೋ ಇಲ್ಲೋ ಬಾಯಾರ, ನೀವ ಮಾಡಿದವ್ರು, ಹೇಳ್ರಿ" ಎಂದ. ನಾನು ಬಾಯಿ ತೆರೆದೆ.

"ಆರ್ತದ" ಎಂದ ಭೀಮಶಾ ಮರದ ಕಡೆಯಿಂದ.

ಎಲ್ಲರೂ ತಿರುಗಿದರು. ಇನ್ನೂ ಮುಸ್ಸಂಜೆಯ ಬೆಳಕಿತ್ತು. ಅವನು ಯಾರ ಮುಖವನ್ನೂ ನೋಡದೆ ಮಾತಾಡಿದ.

"ಟಾವೆಲ್ ಒದ್ದೀನೇ ಇತ್ತು. ಮೂಗಿಗಿ ತಂಪ ಹತ್ತಾಕತ್ತಿತ್ತು. ಕಪ್ತಾನನಂಗ ಆಗ್ಯದ ಅಂದಕೊಂಡೆ. ದಮ್ ಎಳದೆ. ಎಳದಷ್ಟೂ ಸಾಲಲಿಲ್ಲ. ಇನ್ನೂ ಜೋರ ಎಳದೆ. ಕಾಲ ನನ್ನವಲ್ಲ ಅನಸ್ತು. ಮ್ಯಾಲ ಈಕಿ ನನ್ನ ಹೆಸರ ಹಿಡದ ಕರ್ಯಾಕತ್ತಿದ್ಳು. ಕೇಳಸ್ತಿತ್ತು. ಓ ಅನಬೇಕಂದ್ರ ಬಾಯಿ ಬರಲಿಲ್ಲ. ಬಾಯಿ ತುಂಬ ಒದ್ದಿ ಬಟ್ಟಿ ಇತ್ತು."

ಅಲ್ಲಿಗೆ ನಿಲ್ಲಿಸಿದ. ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಾಸ್ತರರು ತಲೆ ತಗ್ಗಿಸಿ ಕುಳಿತಿದ್ದರು.

ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಎದ್ದ. ಕುಳ್ಳಗಿನ, ನಡುವಯಸ್ಸಿನ ಮನುಷ್ಯ. "ನಾಳಿ ಮುಂಜಾನಿ ನಾ ಇಳಿಯಾಂವ ಇದ್ದೆ" ಎಂದ.

ಭೀಮಶಾ ಅವನ ಕಡೆ ನೋಡಿದ. "ಕಲ್ಲ ಸರಸೀ ಏನು?"

"ಇನ್ನೂ ಇಲ್ಲ."

"ನಾಳಿ ಬರೇ ಕಲ್ಲ ಸರಸು. ನಾಡದ ನಾ ಬರ್ತೇನಿ, ಕೂಡೇ ನೋಡೂಣ" ಎಂದ ಭೀಮಶಾ.

ಆಮೇಲೆ ಕರೆಂಟು ಬಂತು. ಪರದೆಯ ಮೇಲೆ ಬೇರೆ ಏನೋ ನಡೆಯುತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ. ಜನ ಬೇವಿನ ಮರದ ಸುತ್ತ ಸೇರಿ, ಅವನನ್ನು ಇನ್ನೂ ಏನೇನೋ ಕೇಳುತ್ತಿದ್ದರು. ಅವನು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದ.